ಬಟನ್ನಿನಲ್ಲಿ ಹಿಡಿಸದ ಒತ್ತಕ್ಷರ

ವೆಬ್ ಪುಟಕ್ಕೆಂದು ಮಾಡಿ ನಾನು ತುಂಬಾ ಮೆಚ್ಚಿಕೊಂಡಿದ್ದ ಬಟನ್ ‘ರದ್ದತಿ’ ಎಂಬ ಒಂದೇ ಪದಕ್ಕೆ ಸೋತಿತು. ‘ಕ್ಯಾನ್ಸಲ್’ ಎಂದು ಇಂಗ್ಲಿಷಿನಲ್ಲಿ ಬರೆದಾಗ ಅಂದವಾಗಿಯೇ ಕೂತಿತ್ತು. ಕನ್ನಡಕ್ಕೆ ಬದಲಿಸಿದ ಕೂಡಲೇ ದಕಾರದ ಒತ್ತು ಅರ್ಧಕ್ಕೆ ಕತ್ತರಿಸಿಹೋಯಿತು. ಎತ್ತರ ಬಿಗಿಯಾಗಿ ಗೊತ್ತುಮಾಡಿದ್ದೆ, ಸಾಲಿನ ಅಂತರ ಅಕ್ಷರದ ಗಾತ್ರದ 1.2 ಪಟ್ಟು ಮಾತ್ರ ಇತ್ತು. ತಪ್ಪು ಪೂರ್ತಿ ನನ್ನದೇ.

ಒಂದು ಸಾರಿಗೆ ಸಂಸ್ಥೆಗೆ ವೆಬ್ ಡಿಸೈನ್ ಸಿಸ್ಟಂ ಕಟ್ಟಿಕೊಡುವ ಕೆಲಸ ಅದು. ಬಣ್ಣ, ಅಕ್ಷರ, ಬಟನ್, ಫಾರಂ, ವೇಳಾಪಟ್ಟಿ ಎಲ್ಲದರ ನಿಯಮವೂ ಕೋಡೂ ಒಂದೇ ಕಡೆ ಇರಬೇಕು, ಅಲ್ಲಿ ತಿದ್ದಿದರೆ ಎಲ್ಲ ಪುಟಗಳೂ ಬದಲಾಗಬೇಕು. ಮೊದಲ ವಾರ ಇದ್ದಬದ್ದ ಪುಟಗಳನ್ನೆಲ್ಲ ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿದೆ. ಮುಂಗಡ ಬುಕಿಂಗ್ ಒಬ್ಬರು ಮಾಡಿದ್ದು, ಪಾಸ್ ಅರ್ಜಿ ಇನ್ನೊಬ್ಬರದು, ಟೆಂಡರ್ ಪುಟ ಯಾರದೆಂದು ಯಾರಿಗೂ ನೆನಪಿಲ್ಲ. ನೀಲಿ ಬಣ್ಣವೇ ಏಳು ಬಗೆ. ಒಂದೇ ಕೆಲಸದ ಬಟನ್ ಮೇಲೆ ಒಂದು ಕಡೆ ‘ಸಲ್ಲಿಸು’, ಇನ್ನೊಂದು ಕಡೆ ‘ಸಲ್ಲಿಸಿ’, ಮತ್ತೊಂದು ಕಡೆ ‘ಸಬ್ಮಿಟ್’.

ಬಣ್ಣದ ಜಗಳ ಬೇಗ ಮುಗಿಯಿತು. ಓದುವ ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನಲ್ಲಿ ಕನಿಷ್ಠ 4.5:1 ವ್ಯತ್ಯಾಸ ಇರಬೇಕೆಂಬ ಅಂತರರಾಷ್ಟ್ರೀಯ ನಿಯಮವಿದೆ. ಅಚ್ಚ ಹಳದಿಯ ಮೇಲೆ ಬಿಳಿ ಅಕ್ಷರ ಇಟ್ಟರೆ ಅದು 1.07ಕ್ಕೆ ಇಳಿಯುತ್ತದೆ. ಅಂಕಿ ತೋರಿಸಿದ ಮೇಲೆ ಯಾರೂ ವಾದಿಸಲಿಲ್ಲ. ‘ಸಲ್ಲಿಸು’ವಿನ ಜಗಳಕ್ಕೆ ಮಾತ್ರ ಮೂರು ಸಭೆ ಬೇಕಾಯಿತು. ಬಟನ್ ಎಂದರೆ ಪ್ರಯಾಣಿಕರು ಯಂತ್ರಕ್ಕೆ ಹೇಳುವ ಮಾತು, ಯಂತ್ರಕ್ಕೇಕೆ ಬಹುವಚನ ಎಂದು ಒಬ್ಬರು. ಹಿರಿಯ ನಾಗರಿಕರ ಪಾಸ್ ಪುಟದಲ್ಲಿ ಅಜ್ಜಿಗೆ ‘ಸಲ್ಲಿಸು’ ಎಂದು ಏಕವಚನದಲ್ಲಿ ಹೇಳುವುದೇ ಎಂದು ಇನ್ನೊಬ್ಬರು. ಮೊದಲನೆಯವರ ವ್ಯಾಕರಣ ಸರಿಯಿತ್ತು, ಆದರೂ ನಾನು ಅಜ್ಜಿಯ ಪಕ್ಷ.

ಕನ್ನಡದಿಂದಲೇ ಶುರುಮಾಡಬೇಕಿತ್ತು ಎಂಬುದು ಹೊಳೆದದ್ದು ಆ ‘ರದ್ದತಿ’ಯ ನಂತರ. ಇಂಗ್ಲಿಷಿನಲ್ಲಿ ತಲೆಬರಹವನ್ನು ದೊಡ್ಡಕ್ಷರದಲ್ಲಿ ಬರೆದು ಎದ್ದು ಕಾಣಿಸಬಹುದು, ನಮ್ಮ ಲಿಪಿಯಲ್ಲಿ ಅಂಥ ದೊಡ್ಡಕ್ಷರ ಇಲ್ಲ. ಓರೆ ಅಕ್ಷರವೂ ನಮ್ಮ ರೂಢಿಯದಲ್ಲ, ಬ್ರೌಸರ್ ತಾನೇ ಓರೆ ಮಾಡಿದರೆ ಗಾಳಿಗೆ ಬಾಗಿದ ಬೇಲಿಯಂತೆ ಕಾಣುತ್ತದೆ. ಹಾಗಾಗಿ ಗಾತ್ರ, ದಪ್ಪ, ಖಾಲಿ ಜಾಗ ಈ ಮೂರರಿಂದಲೇ ಎಲ್ಲ ಮಾಡಬೇಕಾಯಿತು. ಸಾಲಿನ ಅಂತರ 1.6ಕ್ಕೆ ಏರಿಸಿ, ಬಟನ್ನಿಗೆ ಗೊತ್ತುಮಾಡಿದ ಎತ್ತರದ ಬದಲು, ಅಕ್ಷರಕ್ಕೆ ತಕ್ಕಂತೆ ಬೆಳೆಯಬಲ್ಲ ಕನಿಷ್ಠ ಎತ್ತರ ಕೊಟ್ಟೆ. ಯಾವ ಹೊಸ ಅಂಶ ಬಂದರೂ ‘ರಾಷ್ಟ್ರೀಯ’, ‘ಸ್ತ್ರೀ’ ಎಂಬ ಎರಡು ಪದ ತುರುಕಿ ನೋಡದೆ ಒಪ್ಪುತ್ತಿರಲಿಲ್ಲ. ಫಾಂಟ್‌ಗೆ ‘ಅನೇಕ್ ಕನ್ನಡ’ ಎಂಬುದನ್ನು ಆರಿಸಿದೆವು. ಉಚಿತ ಎಂಬುದಕ್ಕಿಂತ, ಒಂದೇ ಫಾಂಟಿನಲ್ಲಿ ಅಗಲ ಕಿರಿದು ಮಾಡಬಹುದು ಎಂಬುದು ಮುಖ್ಯವಾಯಿತು. ಉದ್ದುದ್ದ ನಿಲ್ದಾಣದ ಹೆಸರುಗಳು ಮೊಬೈಲಿನ ವೇಳಾಪಟ್ಟಿಯಲ್ಲಿ ಹಿಡಿಸಿದ್ದು ಅದರಿಂದಲೇ.

ಹಳೆಯ ಪ್ರಕಟಣೆಗಳು ಬೇರೆಯದೇ ತಲೆನೋವು. ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತವಾದ ಯೂನಿಕೋಡ್‌ಗೂ ಮುಂಚಿನ ಫಾಂಟ್‌ನಲ್ಲಿ ಬೆರಳಚ್ಚಾದವು. ವೆಬ್ಬಿಗೆ ಹಾಕಿದರೆ ಓದಲಾಗದ ಕಲಸುಮೇಲೋಗರ. ಅದಕ್ಕೆ ಸ್ಕ್ಯಾನ್ ಮಾಡಿ ಚಿತ್ರವಾಗಿ ಹಾಕುತ್ತಿದ್ದರು. ಕಣ್ಣು ಕಾಣದವರಿಗೆ ಪರದೆಯನ್ನು ಓದಿ ಹೇಳುವ ಸ್ಕ್ರೀನ್ ರೀಡರ್‌ಗೆ ಅದು ಬರೀ ಖಾಲಿ ಹಾಳೆ.

ಕೊನೆಗೆ ಒಂದು ಮಧ್ಯಾಹ್ನ ಸುಡುಬಿಸಿಲಲ್ಲಿ ಬಸ್ ನಿಲ್ದಾಣದಲ್ಲಿ ನಿಂತು, ಸಂಚಾರ ನಿಯಂತ್ರಕರ ಕೈಗೆ ಫೋನ್ ಕೊಟ್ಟೆ. ಬಣ್ಣ, ಫಾಂಟ್ ಯಾವುದನ್ನೂ ಅವರು ಗಮನಿಸಲಿಲ್ಲ. “ಸಾರ್, ಸಂಜೆ ಮೇಲೆ ಜನ ಬಂದು ಕೇಳೋದು ಒಂದೇ, ಕೊನೇ ಬಸ್ ಎಷ್ಟೊತ್ತಿಗೆ ಅಂತ. ಇದರಲ್ಲಿ ಅದೆಲ್ಲಿದೆ?” ಇತ್ತು, ಪಟ್ಟಿಯ ತಳದಲ್ಲಿ, ಐದು ಸಲ ಬೆರಳು ಸರಿಸಿದರೆ. ಮರುದಿನವೇ ಅದನ್ನು ಪಟ್ಟಿಯ ನೆತ್ತಿಗೆ ತಂದು ಪ್ರತ್ಯೇಕ ಚೀಟಿ ಮಾಡಿದೆ. ಇಡೀ ಸಿಸ್ಟಂನಲ್ಲಿ ನನಗೆ ಹೆಮ್ಮೆಯಿರುವ ತುಣುಕು ಅದೊಂದೇ.

ಈಚೆಗೆ ಅಲ್ಲಿಯ ಹುಡುಗರು ನನ್ನನ್ನು ಕೇಳದೆಯೇ ಹೊಸ ಅರ್ಜಿ ಪುಟವೊಂದನ್ನು ಕಟ್ಟಿ ಕಳಿಸಿದ್ದರು. ಬಣ್ಣ, ಅಂತರ, ಒತ್ತಕ್ಷರ ಎಲ್ಲ ಸರಿಯಾಗಿತ್ತು. ಬಟನ್ ಮೇಲೆ ಮಾತ್ರ ‘ಸಲ್ಲಿಸು’ ಎಂದಿತ್ತು.