ಎಲುಬು ಕೂಡಿತು, ಕೈ ಯಾಕೆ ಮೇಲೇಳ್ತಿಲ್ಲ?

ಬೈಕ್ ಜಾರಿ ಬಿದ್ದವರು, ತೊಗರಿ ರಾಶಿ ವೇಳೆ ಟ್ರ್ಯಾಕ್ಟರ್ ಮೇಲಿಂದ ಬಿದ್ದವರು ಎಷ್ಟೋ ಸಲ ಭುಜ ಊರಿಯೇ ಬೀಳುತ್ತಾರೆ. ಆ ಪೆಟ್ಟಿಗೆ ಕಾಲರ್ ಬೋನ್, ಅಂದರೆ ಕತ್ತಿನ ಕೆಳಗೆ ಎದೆಯಿಂದ ಭುಜದವರೆಗೆ ಅಡ್ಡಲಾಗಿರುವ ಎಲುಬು, ಮುರಿಯುತ್ತದೆ. ಕೆಲವು ವಾರಗಳಾದ ಮೇಲೆ ಎಕ್ಸ್‌ರೇ ನೋಡಿ ‘ಕೂಡಿದೆ’ ಅಂತಾರೆ. ಆದರೆ ಅಟ್ಟದ ಡಬ್ಬಿಗೆ ಕೈ ಎಟುಕುವುದಿಲ್ಲ!

ಕೈ ಪೂರ್ತಿ ಎತ್ತಿದರೆ ಸುಮಾರು 180 ಡಿಗ್ರಿ. ಅದರಲ್ಲಿ ಹೆಚ್ಚುಕಡಿಮೆ 120 ಡಿಗ್ರಿ ಭುಜದ ಕೀಲಿನದು. ಉಳಿದ 60 ಡಿಗ್ರಿ, ಬೆನ್ನ ಮೇಲಿನ ಹೆಗಲ ಹಲಗೆ ಜಾರಿ ತಿರುಗುವುದರಿಂದ ಬರುತ್ತದೆ. ಈ ಹಲಗೆಯನ್ನು ಎದೆಗೂಡಿಗೆ ಜೋಡಿಸುವ ಒಂದೇ ಎಲುಬು ಕಾಲರ್ ಬೋನ್. ಕೈ ಏರಿದ ಹಾಗೆ ಅದೂ ಏರುತ್ತದೆ, ಹಿಂದಕ್ಕೆ ಸರಿಯುತ್ತದೆ, ಇದ್ದಲ್ಲೇ ಹಿಂದಕ್ಕೆ ಉರುಳುತ್ತದೆ. ಕೈ ಭುಜದ ಮಟ್ಟ ದಾಟಿದ ಮೇಲೆ ಇದರ ಕೆಲಸ ಜಾಸ್ತಿ. ಅದಕ್ಕೇ ರೊಟ್ಟಿ ಬಡಿಯುವುದು ಬೇಗ ಬರುತ್ತದೆ, ತಲೆ ಬಾಚುವುದು ತಡವಾಗುತ್ತದೆ.

ಹೆಚ್ಚಿನವರಿಗೆ ಈ ಎಲುಬು ನಡುವೆ ಮುರಿಯುತ್ತದೆ. ಕತ್ತಿನ ಸ್ನಾಯು ಒಳತುಂಡನ್ನು ಮೇಲೆಳೆಯುತ್ತದೆ, ಕೈಭಾರ ಹೊರತುಂಡನ್ನು ಕೆಳಗೆಳೆಯುತ್ತದೆ. ತುದಿಗಳು ಒಂದರ ಮೇಲೊಂದು ಹತ್ತಿ ಎಲುಬು ಗಿಡ್ಡಾಗುತ್ತದೆ. ಸ್ವಲ್ಪವಾದರೆ ಚಿಂತೆಯಿಲ್ಲ. 2 ಸೆಂ.ಮೀ. ಆಸುಪಾಸು ಗಿಡ್ಡಾದರೆ ಹೆಗಲ ಹಲಗೆ ಮುಂದಕ್ಕೆ ವಾಲಬಹುದು, ಕೈ ಎತ್ತುವ ಕೆಲಸದಲ್ಲಿ ಬೇಗ ದಣಿವಾಗಬಹುದು. ಆಗ ಡಾಕ್ಟರು ಆಪರೇಷನ್ ಮಾಡಿ ಎಲುಬಿಗೆ ಲೋಹದ ಪ್ಲೇಟ್ ಹಾಕುವ ಮಾತು ತೆಗೆಯುತ್ತಾರೆ.

ಮೊದಲ ವಾರಗಳು

ಕೈಯನ್ನು ಕತ್ತಿನಿಂದ ಇಳಿಬಿಡುವ ಜೋಳಿಗೆ ಪಟ್ಟಿ (ಸ್ಲಿಂಗ್) ಸಾಕು. ಬೆನ್ನ ಮೇಲೆ ಎಂಟರ ಆಕಾರದಲ್ಲಿ ಕಟ್ಟುವ ಪಟ್ಟಿಯಿಂದ ಹೆಚ್ಚಿನ ಲಾಭವಿಲ್ಲ, ಕಿರಿಕಿರಿಯೇ ಜಾಸ್ತಿ. ನಾಟಿ ಕಟ್ಟು ಬಿಗಿದು ತಿಂಗಳುಗಟ್ಟಲೆ ಕೈ ಆಡಿಸದೆ ಕೂರುವುದಂತೂ ಭುಜಕ್ಕೆ ನಾವೇ ಬೀಗ ಹಾಕಿದ ಹಾಗೆ. ಬೆರಳು, ಮಣಿಕಟ್ಟು, ಮೊಣಕೈಯನ್ನು ಮೊದಲ ದಿನದಿಂದಲೇ ಆಡಿಸಿ.

ತೂಗಾಟ

ಡಾಕ್ಟರು ಹೂಂ ಅಂದ ಮೇಲೆ ಶುರು ಮಾಡಿ. ಒಳ್ಳೆಯ ಕೈಯನ್ನು ಮೇಜಿಗೆ ಊರಿ ಮುಂದಕ್ಕೆ ಬಾಗಿ. ಪೆಟ್ಟಾದ ಕೈಯನ್ನು ಸುಮ್ನೆ ಇಳಿಬಿಡಿ. ಮೈಯನ್ನು ಮೆಲ್ಲಗೆ ತೂಗಿದರೆ ಕೈ ತಾನಾಗಿ ಸುತ್ತುತ್ತದೆ, ಎತ್ತಬಾರದು.

ಕೋಲು, ಆಮೇಲೆ ಗೋಡೆ

ಅಂಗಾತ ಮಲಗಿ ಎರಡೂ ಕೈಯಲ್ಲಿ ಕೋಲು ಹಿಡಿಯಿರಿ. ಒಳ್ಳೆಯ ಕೈ ಎತ್ತಲಿ, ಇನ್ನೊಂದು ಸುಮ್ನೆ ಜೊತೆ ಹೋಗಲಿ. ಸಾಮಾನ್ಯವಾಗಿ ಮೊದಲ 4ರಿಂದ 6 ವಾರ ಭುಜದ ಮಟ್ಟ, ಅಂದರೆ 90 ಡಿಗ್ರಿ ದಾಟಲು ಬಿಡುವುದಿಲ್ಲ. ಕಾರಣ ಮೇಲೆ ಹೇಳಿದ ಉರುಳುವಿಕೆಯೇ. ಕೂಡುತ್ತಿರುವ ಜಾಗವನ್ನು ಅದು ತಿರುಚುತ್ತದೆ. ಅನುಮತಿ ಸಿಕ್ಕ ಮೇಲೆ ಗೋಡೆಯ ಮೇಲೆ ಬೆರಳು ನಡೆಸುತ್ತಾ ಏರಿ. ಕನ್ನಡಿ ಎದುರು ಮಾಡಿದರೆ ಒಳ್ಳೆಯದು. ಭುಜ ಕಿವಿಯ ಕಡೆ ಎದ್ದರೆ ಅದು ಕಳ್ಳಾಟ. ಕೈ ಅಷ್ಟು ಏರಿಲ್ಲ, ನೀವು ಹೆಗಲು ಎತ್ತಿದ್ದೀರಿ ಅಷ್ಟೇ.

ಭಾರ

ಎಕ್ಸ್‌ರೇಯಲ್ಲಿ ಕೂಡಿದ್ದು ಕಂಡ ಮೇಲೆಯೇ ಭಾರ. ದೊಡ್ಡವರಿಗೆ ಮೂರು ತಿಂಗಳು ಹಿಡಿಯುವುದು ಸಾಮಾನ್ಯ. ಎಪಿಎಂಸಿಯಲ್ಲಿ ಚೀಲ ಹೊರುವವರಿಗೆ ಇನ್ನೊಂದು ತೊಡಕು. ಪ್ಲೇಟ್ ಚರ್ಮದಡಿಯಲ್ಲೇ ಇರುತ್ತದೆ, ಚೀಲ ಕೂರುವುದೂ ಅದರ ಹತ್ತಿರವೇ. ಕೆಲಸಕ್ಕೆ ಮರಳುವ ಮೊದಲು ಇದನ್ನು ಸರ್ಜನ್ ಹತ್ತಿರ ಬಾಯಿಬಿಟ್ಟು ಕೇಳಿ. ಹೊಲಿಗೆಯ ಕೆಳಗೆ ಜೋಮು ಹಿಡಿದಂತಿದ್ದರೆ ಗಾಬರಿ ಬೇಡ, ಅಲ್ಲಿ ಸಣ್ಣ ನರಗಳು ಹಾದುಹೋಗುತ್ತವೆ.

ಎಲುಬಿನ ಹೊರತುದಿ ಮುರಿದು ಕೊಕ್ಕೆ ಪ್ಲೇಟ್ ಹಾಕಿದ್ದರೆ ಲೆಕ್ಕವೇ ಬೇರೆ. ಆ ಕೊಕ್ಕೆ ಭುಜದ ನೆತ್ತಿಯ ಎಲುಬಿನಡಿ ಕೂತಿರುತ್ತದೆ, ಕೈ ಎತ್ತಿದಾಗ ಒತ್ತುತ್ತದೆ. ಸಾಮಾನ್ಯವಾಗಿ ಕೆಲವು ತಿಂಗಳ ನಂತರ ತೆಗೆಯುತ್ತಾರೆ. ಅಲ್ಲಿವರೆಗೆ ಜಿದ್ದಿಗೆ ಬಿದ್ದು ಕೈ ಏರಿಸಬೇಡಿ.

ಸಕ್ಕರೆ ಕಾಯಿಲೆ ಇದ್ದರೆ ಭುಜ ಬಿಗಿಯುವುದು ಹೆಚ್ಚು. ಬೀಡಿ, ಸಿಗರೇಟು ಎಲುಬು ಕೂಡುವುದನ್ನು ನಿಧಾನ ಮಾಡುತ್ತವೆ. ಬಿದ್ದಾಗ ಚರ್ಮ ಒಳಗಿಂದ ಚೂಪಾಗಿ ಉಬ್ಬಿದರೆ, ಕೈ ತಣ್ಣಗಾದರೆ, ಉಸಿರು ಕಟ್ಟಿದರೆ ಕಾಯದೆ ಆಸ್ಪತ್ರೆಗೆ ಹೋಗಿ.

ಆಳಂದ, ಚಿಂಚೋಳಿ, ಜೇವರ್ಗಿ ಕಡೆಯವರು ಕಲಬುರಗಿಗೆ ಬಂದು ಆಪರೇಷನ್ ಮಾಡಿಸಿಕೊಂಡರೂ ವ್ಯಾಯಾಮಕ್ಕೆ ಪದೇ ಪದೇ ಬರುವುದು ಕಷ್ಟ, ಅಲ್ವಾ? ಫಿಸಿಯೊಥೆರಪಿಸ್ಟ್ ಮೊದಲ ಸಲ ತೋರಿಸುವಾಗಲೇ ಅವರನ್ನು ಕೇಳಿ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಳ್ಳಿ. ಎಷ್ಟು ಡಿಗ್ರಿವರೆಗೆ, ಯಾವ ವಾರದವರೆಗೆ ಎಂಬುದನ್ನು ಚೀಟಿಯಲ್ಲಿ ಬರೆಸಿಕೊಳ್ಳಿ.