ನಲವತ್ತು ದಾಟಿದ ಮೇಲೆ ಜಿಯು-ಜಿತ್ಸು ಶುರು ಮಾಡುವವರಿಗೆ

ನೆಲದ ಮೇಲೆ ಎದುರಾಳಿಯನ್ನು ಹಿಡಿದು ಮಣಿಸುವ ಈ ಕುಸ್ತಿಯಂಥ ಕಲೆಯಲ್ಲಿ ಮೊದಲು ಟ್ಯಾಪ್ ಮಾಡುವುದನ್ನು, ಅಂದರೆ ತಟ್ಟಿ ಸೋಲೊಪ್ಪಿಕೊಳ್ಳುವುದನ್ನು ಕಲಿಯಿರಿ. ಆರ್ಮ್‌ಬಾರ್‌ನಲ್ಲಿ (ತೋಳು ಹಿಡಿದೆಳೆದು ಮೊಣಕೈಯನ್ನು ಉಲ್ಟಾ ಬಾಗಿಸುವ ಪಟ್ಟು) ಮೊಣಕೈ ನೇರವಾಗ್ತಿದೆ ಅನ್ನಿಸಿದ ಕೂಡಲೇ, ನೋವು ಬರುವವರೆಗೆ ಕಾಯದೆ, ಎದುರಿನವರ ಮೈಮೇಲೆ ಎರಡು ಮೂರು ಸಲ ತಟ್ಟಿ; ಕೈ ಸಿಕ್ಕಿಕೊಂಡಿದ್ದರೆ ಬಾಯಲ್ಲೇ 'ಟ್ಯಾಪ್' ಅನ್ನಿ. ಹಿಮ್ಮಡಿ ಹಿಡಿದು ಕಾಲು ತಿರುಚುವ ಹೀಲ್ ಹುಕ್‌ನಲ್ಲಂತೂ ನೋವು ಗೊತ್ತಾಗುವಷ್ಟರಲ್ಲಿ ಮೊಣಕಾಲಿನ ಲಿಗಮೆಂಟ್ ಹರಿದಿರಬಹುದು. ಈ ವಯಸ್ಸಿನಲ್ಲಿ ಅದು ವಾಸಿಯಾಗಲು ತಿಂಗಳುಗಟ್ಟಲೆ ಬೇಕು.

ವಾರಕ್ಕೆ 2 ಕ್ಲಾಸ್ ಸಾಕು, ನಡುವೆ ಬಿಡುವು ಇರಲಿ. ಹಳೇ ಗಾಯವಿದ್ದರೆ ಜೊತೆಗಾರರಿಗೆ ಮೊದಲೇ ಹೇಳಿ.

ಕೆಳಗೆ ಸಿಕ್ಕಿಕೊಂಡಾಗ ಹೊಸಬರು ಉಸಿರು ಬಿಗಿಹಿಡಿದು, ಎರಡೂ ಕೈ ಚಾಚಿ ಮೇಲಿನವರ ಎದೆ ತಳ್ಳುತ್ತಾರೆ. ಚಾಚಿದ ಕೈಯೇ ಆರ್ಮ್‌ಬಾರ್‌ಗೆ ಸಿಗುವುದು, ಅಲ್ವಾ? ಅದರ ಬದಲು ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಳ್ಳಿ. ಒಂದು ಪಕ್ಕಕ್ಕೆ ಹೊರಳಿ, ಪಾದ ಊರಿ, ಸೊಂಟವನ್ನು ಹಿಂದಕ್ಕೆ ಜಾರಿಸಿ, ಆ ಜಾಗದೊಳಗೆ ಮೊಣಕಾಲು ತೂರಿಸಿ. ಇದೇ ಶ್ರಿಂಪಿಂಗ್. ನನ್ನ ಪ್ರಕಾರ ಮೊದಲ 6 ತಿಂಗಳು ಇದಕ್ಕಿಂತ ಜಾಸ್ತಿ ಉಪಯೋಗಕ್ಕೆ ಬರುವ ಪಟ್ಟು ಇನ್ನೊಂದಿಲ್ಲ, ಮನೆಯಲ್ಲಿ ಒಬ್ಬರೇ ದಿನಾ ಐದು ನಿಮಿಷ ಮಾಡಿ.

ಉಗುರು ಕತ್ತರಿಸಿ, ಗಿ (ಅಭ್ಯಾಸದ ಉಡುಪು) ಪ್ರತಿ ಸಲ ಒಗೆಯಿರಿ.

ಸ್ಪರ್ಧೆಯ ಆಸೆ ಇದ್ದರೆ ವಯಸ್ಸಾಯ್ತು ಅಂತ ಸುಮ್ನೆ ಹಿಂಜರಿಯಬೇಡಿ. ಐಬಿಜೆಜೆಎಫ್ (ಅಂತರರಾಷ್ಟ್ರೀಯ ಬ್ರೆಜಿಲಿಯನ್ ಜಿಯು-ಜಿತ್ಸು ಒಕ್ಕೂಟ) ಟೂರ್ನಿಗಳಲ್ಲಿ 30 ವರ್ಷದಿಂದಲೇ ಮಾಸ್ಟರ್ ವಿಭಾಗಗಳಿವೆ, ನಿಮ್ಮ ವಯಸ್ಸಿನವರೇ ಎದುರಿಗೆ ಸಿಗುತ್ತಾರೆ.