ಕಿರುಚಿತ್ರ ಬೆಳೆದು ಪೂರ್ಣಾವಧಿ ಅನಿಮೇಷನ್ ಆದಾಗ: ಎರಡನ್ನೂ ಹೋಲಿಸಿ ನೋಡುವ ಬಗೆ

ಮಲೆನಾಡಿನಲ್ಲಿ ಯಕ್ಷಗಾನ ನೋಡಿ ಬೆಳೆದವರಿಗೆ ಈ ಕೆಲಸ ತೀರ ಹೊಸದೇನಲ್ಲ. ಬೆಳಗಿನವರೆಗೆ ನಡೆಯುವ ಪ್ರಸಂಗವನ್ನು ಮೂರು ಗಂಟೆಯ ಕಾಲಮಿತಿಯಲ್ಲಿ ಆಡಿದಾಗ ಪಳಗಿದ ಪ್ರೇಕ್ಷಕರು ಯಾವ ಪದ್ಯ ಬಿಟ್ಟುಹೋಯಿತೆಂದು ಲೆಕ್ಕ ಹಾಕುತ್ತ ಕೂರುವುದಿಲ್ಲ. ಪೀಠಿಕೆಯನ್ನು ಮೊಟಕುಗೊಳಿಸಿಕೊಂಡು ರಂಗಕ್ಕೆ ಬಂದ ವೇಷವು ಮುಂದಿನ ಸನ್ನಿವೇಶದ ಭಾರವನ್ನು ಹೊರಬಲ್ಲದೇ ಎಂದು ನೋಡುತ್ತಾರೆ. ಕಿರುಚಿತ್ರವೊಂದನ್ನು ಅದರಿಂದಲೇ ಬೆಳೆದ ಪೂರ್ಣಾವಧಿ ಅನಿಮೇಷನ್ ಚಿತ್ರದೊಂದಿಗೆ ಹೋಲಿಸುವಾಗಲೂ ಬೇಕಾದದ್ದು ಅದೇ ಕಣ್ಣು. ಹೊಸದಾಗಿ ಸೇರಿದ್ದನ್ನು ಯಾರು ಬೇಕಾದರೂ ಪಟ್ಟಿ ಮಾಡಬಹುದು. ಬದಲಾಗದೆ ಉಳಿದದ್ದು ಹೊಸ ಮೈಗೆ ಹೊಂದುತ್ತಿದೆಯೇ ಎಂದು ವಿಚಾರಿಸುವುದೇ ಕಷ್ಟ.

ಅಭ್ಯಾಸಕ್ಕೆ ನಾನು ಸೂಚಿಸುವುದು ಟಿಮ್ ಬರ್ಟನ್ ಅವರ 'ಫ್ರ್ಯಾಂಕನ್‌ವೀನಿ'ಯನ್ನು. 1984ರಲ್ಲಿ ಅವರು ಡಿಸ್ನಿ ಸಂಸ್ಥೆಗಾಗಿ ನಟರನ್ನೂ ನಿಜವಾದ ನಾಯಿಯನ್ನೂ ಇಟ್ಟುಕೊಂಡು ಸುಮಾರು ಅರ್ಧ ಗಂಟೆಯ ಕಪ್ಪು ಬಿಳುಪು ಕಿರುಚಿತ್ರ ಮಾಡಿದರು. 2012ರಲ್ಲಿ ಅದೇ ಸಂಸ್ಥೆಗೆ ಅದೇ ಕಥೆಯನ್ನು 87 ನಿಮಿಷಗಳ ಸ್ಟಾಪ್ ಮೋಷನ್ ಗೊಂಬೆಚಿತ್ರವಾಗಿ ಮತ್ತೆ ಮಾಡಿದರು. ಸತ್ತ ನಾಯಿ ಸ್ಪಾರ್ಕಿಗೆ ವಿಕ್ಟರ್ ಎಂಬ ಹುಡುಗ ಮಿಂಚಿನ ಬಲದಿಂದ ಮರಳಿ ಜೀವ ಬರಿಸುವುದು ಎರಡರ ಕಥೆಯೂ ಹೌದು. ನಿರ್ದೇಶಕರೂ ಸಂಸ್ಥೆಯೂ ಬದಲಾಗಿಲ್ಲದ ಕಾರಣ, ಕಾಣುವ ವ್ಯತ್ಯಾಸಗಳನ್ನು ಬೇರೆಯವರ ಕೈಗುಣಕ್ಕೆ ಆರೋಪಿಸಿ ನುಣುಚಿಕೊಳ್ಳಲು ಇಲ್ಲಿ ಅವಕಾಶವಿಲ್ಲ.

ಮೊದಲು ಕಿರುಚಿತ್ರವನ್ನು ನೋಡಿ, ಒಂದು ದಿನ ಬಿಟ್ಟು, ಅದರ ಕಥೆಯನ್ನು ನೆನಪಿನಿಂದಲೇ ಒಂದು ಪುಟದಲ್ಲಿ ಬರೆಯಿರಿ. ಆ ಪುಟದಲ್ಲಿ ತಾನಾಗಿ ಬಂದು ಕುಳಿತ ದೃಶ್ಯಗಳೇ ಚಿತ್ರದ ಕಂಬಗಳು. ಬಳಿಕ ದೊಡ್ಡ ಚಿತ್ರವನ್ನು ನಡುವೆ ಎಲ್ಲಿಯೂ ನಿಲ್ಲಿಸದೆ ನೋಡಿ, ಕೊನೆಗೆ ಕಂಬದ ದೃಶ್ಯಗಳನ್ನು ಮಾತ್ರ ಎರಡರಿಂದಲೂ ತೆಗೆದು ಒಂದರ ಹಿಂದೊಂದು ನೋಡಿ. ಸಾಗರದ ಸಮೀಪದ ಹೆಗ್ಗೋಡಿನಲ್ಲಿ 1973ರಲ್ಲಿ ನೀನಾಸಮ್ ಚಿತ್ರಸಮಾಜ ಆರಂಭವಾದಾಗಿನಿಂದಲೂ ನಮ್ಮ ಸೀಮೆಯಲ್ಲಿ ಸಿನಿಮಾವನ್ನು ಪಾಠದಂತೆ ಕೂತು ನೋಡುವ ರೂಢಿಯಿದೆ. ಆಗ ರೀಲು ತರಿಸಬೇಕಿತ್ತು, ಈಗ ಲ್ಯಾಪ್‌ಟಾಪ್ ಸಾಕು. ಆದರೆ ಆಷಾಢದಲ್ಲಿ ಹೆಂಚಿನ ಮೇಲೆ ಮಳೆ ಹೊಯ್ಯುವಾಗ ಸಂಭಾಷಣೆ ಕಿವಿಗೆ ಬೀಳದು, ಕರೆಂಟಿನ ಭರವಸೆಯೂ ಇಲ್ಲ. ಆ ದಿನಗಳಲ್ಲಿ ಧ್ವನಿಯಿಲ್ಲದೆ ಬರೀ ಶಾಟುಗಳನ್ನು ಗುರುತು ಹಾಕಿಕೊಂಡು, ಸಂಗೀತದ ವಿಚಾರವನ್ನು ಹೊಳವಾದ ಮೇಲೆ ನೋಡಿಕೊಳ್ಳಬಹುದು.

ಕಂಬದ ದೃಶ್ಯಗಳಲ್ಲಿ ಮೊದಲನೆಯದು ನಾಯಿಯ ಸಾವು. ಕಿರುಚಿತ್ರದಲ್ಲಿ ಆಟದ ಚೆಂಡಿನ ಹಿಂದೆ ರಸ್ತೆಗೆ ಓಡಿದ ಸ್ಪಾರ್ಕಿ ಕಾರಿಗೆ ಸಿಕ್ಕುತ್ತದೆ. ಅದು ಆಕಸ್ಮಿಕ, ಯಾರ ಮೇಲೂ ಹೊರೆಯಿಲ್ಲ, ಕಥೆ ಕೂಡಲೇ ಮುಂದಕ್ಕೆ ಸಾಗುತ್ತದೆ. ದೊಡ್ಡ ಚಿತ್ರದಲ್ಲಿಯೂ ಚೆಂಡು ಇದೆ, ಕಾರೂ ಇದೆ. ಆದರೆ ಮಗ ವಿಜ್ಞಾನ ಮೇಳಕ್ಕೆ ಹೋಗಬೇಕಾದರೆ ಬೇಸ್‌ಬಾಲ್ ಆಡಲೇಬೇಕೆಂದು ತಂದೆ ಮೊದಲೇ ಒಪ್ಪಂದ ಮಾಡಿಕೊಂಡಿರುತ್ತಾರೆ, ಹಾಗೂ ನಾಯಿ ಬೆನ್ನಟ್ಟುವುದು ವಿಕ್ಟರ್ ಹೊಡೆದ ಚೆಂಡನ್ನೇ. ಘಟನೆ ಒಂದೇ ಆದರೂ ಈಗ ಅದರಲ್ಲಿ ತಂದೆಗೂ ಮಗನಿಗೂ ಪಾಲಿದೆ. ಕಾಲಾವಕಾಶ ಹೆಚ್ಚಾದಾಗ ಒಳ್ಳೆಯ ಕಥೆಗಾರರು ಘಟನೆಗಳನ್ನು ಹೆಚ್ಚಿಸುವುದಕ್ಕಿಂತ ಕಾರಣಗಳನ್ನು ಹೆಚ್ಚಿಸುತ್ತಾರೆ ಎಂಬುದಕ್ಕೆ ಇದು ಉದಾಹರಣೆ. ಇದೇ ಅಳತೆಗೋಲನ್ನು ನಡುಭಾಗಕ್ಕೆ ಹಿಡಿದು ನೋಡಿ: ಸಹಪಾಠಿಗಳೂ ತಮ್ಮ ಸತ್ತ ಪ್ರಾಣಿಗಳನ್ನು ಎಬ್ಬಿಸಿ, ಬೃಹತ್ತಾದ ಆಮೆ ಮೊದಲಾದವು ಊರಿಗೆ ನುಗ್ಗುವ ಭಾಗವು ಘಟನೆಗಳ ರಾಶಿಯೇ ಹೊರತು ಕಾರಣಗಳ ಬೆಳವಣಿಗೆಯಲ್ಲ. ಮಕ್ಕಳು ಅದನ್ನೇ ಮೆಚ್ಚುತ್ತಾರೆಂಬುದು ಬೇರೆ ಮಾತು.

ಎರಡನೆಯದಾಗಿ, ಮಾಧ್ಯಮ. ಸೆಕೆಂಡಿಗೆ 24 ಫ್ರೇಮ್‌ಗಳಂತೆ 87 ನಿಮಿಷಕ್ಕೆ ಸುಮಾರು 1,25,000 ಫ್ರೇಮ್‌ಗಳಾಗುತ್ತವೆ. ಗೊಂಬೆಯನ್ನು ಕೂದಲೆಳೆಯಷ್ಟು ಕದಲಿಸಿ, ಚಿತ್ರ ತೆಗೆದು, ಮತ್ತೆ ಕದಲಿಸುವುದೇ ಇಲ್ಲಿನ ಕ್ರಮ. 1984ರಲ್ಲಿ ಬದುಕಿರುವ ನಾಯಿಯ ಮೈಗೆ ಹೊಲಿಗೆಯ ವೇಷ ಹಾಕಿ 'ಇದು ಸತ್ತು ಎದ್ದದ್ದು' ಎಂದು ನಂಬಿಸಬೇಕಿತ್ತು. 2012ರಲ್ಲಿ ಉಸಿರೇ ಇಲ್ಲದ ಗೊಂಬೆಯನ್ನು ಮೊದಲು ಬದುಕಿರುವ ನಾಯಿಯೆಂದು ನಂಬಿಸಿ, ಆಮೇಲೆ ಸಾಯಿಸಿ, ಮತ್ತೆ ಎಬ್ಬಿಸಬೇಕು. ಆದ್ದರಿಂದ ನಾಯಿ ಸಾಯುವ ಮೊದಲಿನ ಬಾಲ ಅಲ್ಲಾಡಿಸುವಿಕೆ, ಓಟ, ತಲೆ ವಾಲಿಸುವಿಕೆಗಳನ್ನು ಪ್ರತ್ಯೇಕವಾಗಿ ಬರೆದಿಟ್ಟುಕೊಳ್ಳಿ. ಗೊಂಬೆಚಿತ್ರ ಗೆದ್ದಿದೆಯೋ ಸೋತಿದೆಯೋ ತೀರ್ಮಾನವಾಗುವುದು ಅಲ್ಲಿಯೇ, ಮಿಂಚಿನ ಅಬ್ಬರದಲ್ಲಲ್ಲ. ಬಣ್ಣ ಬಳಸಲು ಅಡ್ಡಿಯಿಲ್ಲದಿದ್ದರೂ ಕಪ್ಪು ಬಿಳುಪನ್ನೇ ಉಳಿಸಿಕೊಂಡದ್ದನ್ನೂ ಗಮನಿಸಬೇಕು.

ಅದಕ್ಕೆ ಕಾರಣ ಹುಡುಕುವಾಗ ಮೂರನೆಯ ಚಿತ್ರವೊಂದು ಎದುರಾಗುತ್ತದೆ. ಹೆಣಕ್ಕೆ ಜೀವ ಕೊಡುವ ವಿಜ್ಞಾನಿಯ ಕಥೆ ಹೇಳುವ, ಎರಡಕ್ಕೂ ಅಜ್ಜನ ಸ್ಥಾನದಲ್ಲಿರುವ 1931ರ ಜೇಮ್ಸ್ ವೇಲ್ ಅವರ ಕಪ್ಪು ಬಿಳುಪು ಚಿತ್ರ 'ಫ್ರಾಂಕನ್‌ಸ್ಟೈನ್' ಗಾಳಿಗಿರಣಿಯೊಂದು ಹೊತ್ತಿ ಉರಿಯುವಲ್ಲಿ ತಾರಕಕ್ಕೇರುತ್ತದೆ. ಕಿರುಚಿತ್ರದಲ್ಲಿ ಆ ಗಿರಣಿ ಮಿನಿ ಗಾಲ್ಫ್ ಅಂಗಳದ ಆಟಿಕೆಯಾಗಿ ಬಂದು ನಗೆ ತರಿಸಿದರೆ, ದೊಡ್ಡ ಚಿತ್ರದಲ್ಲಿ ಊರಿನ ನಿಜವಾದ ಗಿರಣಿಯೇ ಆಗಿದೆ. ಮೂಲ ಗೊತ್ತಿಲ್ಲದೆ ಹೋಲಿಸಲು ಹೊರಟವರು ಇದನ್ನು ಕೇವಲ ಸೆಟ್ಟಿನ ಗಾತ್ರವೆಂದು ಬರೆದುಬಿಡುವ ಅಪಾಯವಿದೆ. ವಾಸ್ತವದಲ್ಲಿ ಬದಲಾಗಿರುವುದು ಅಣಕದ ಪ್ರಮಾಣ.

ಇಷ್ಟಾದ ಮೇಲೆ ಕೊನೆಯ ದೃಶ್ಯಕ್ಕೆ ಬನ್ನಿ, ಬರವಣಿಗೆಯನ್ನೂ ಅಲ್ಲಿಂದಲೇ ಆರಂಭಿಸಿ. ಎರಡರಲ್ಲಿಯೂ ಹುಡುಗನನ್ನು ಬೆಂಕಿಯಿಂದ ಉಳಿಸಿ ಮತ್ತೊಮ್ಮೆ ಸತ್ತ ಸ್ಪಾರ್ಕಿಯನ್ನು ಊರಿನವರೇ ಕಾರಿನ ಬ್ಯಾಟರಿಗಳಿಗೆ ಕೇಬಲ್ ಜೋಡಿಸಿ ಎಬ್ಬಿಸುತ್ತಾರೆ. ಅಟ್ಟಿಸಿಕೊಂಡು ಬಂದ ನೆರೆಹೊರೆಯವರ ಮನಸ್ಸು ತಿರುಗಿತು ಎಂದು ಅರ್ಧ ಗಂಟೆಯ ಕಥೆಯಲ್ಲಿ ಹೇಳಲು ಅಷ್ಟೇ ಸಾಕು, ಅಲ್ಲಿ ಅದು ಚೊಕ್ಕವಾಗಿ ಕೂಡುತ್ತದೆ. ದೊಡ್ಡ ಚಿತ್ರದಲ್ಲಾದರೋ ವಿಕ್ಟರ್ ಅಷ್ಟರಲ್ಲಿ ಬೆಳೆದಿದ್ದಾನೆ. ನೀನು ಮರಳಿ ಬರದಿದ್ದರೂ ಸರಿ ಎಂದು ನಾಯಿಗೆ ಹೇಳುವಷ್ಟರ ಮಟ್ಟಿಗೆ ಸಾವನ್ನು ಒಪ್ಪಿಕೊಂಡಿದ್ದಾನೆ. ಆ ಮಾತಿನ ಬೆನ್ನಿಗೇ ಹಳೆಯ ಮುಕ್ತಾಯ ಬಂದು ನಾಯಿಯನ್ನು ಎಬ್ಬಿಸಿಬಿಡುತ್ತದೆ. ನನ್ನ ಕಣ್ಣಿಗೆ ಇದು ಬೆಳೆದ ಹುಡುಗನಿಗೆ ಚಿಕ್ಕಂದಿನ ಅಂಗಿ ತೊಡಿಸಿದ ಹಾಗೆ ಕಾಣುತ್ತದೆ. ಅಂಗಿ ಸರಿಯಾಗಿಯೇ ಇದೆ ಎಂಬುದು ನಿಮ್ಮ ಅಭಿಪ್ರಾಯವಾದರೆ, ಆ ಮಾತಿಗೂ ಬ್ಯಾಟರಿಯ ಕಿಡಿಗೂ ನಡುವಿನ ಶಾಟುಗಳನ್ನು ಒಂದೊಂದಾಗಿ ಎಣಿಸಿ, ನಿಮ್ಮ ವಾದವನ್ನು ಅವುಗಳ ಮೇಲೆಯೇ ನಿಲ್ಲಿಸಿ.